ದ್ಯಾಮವ್ವ ವಿರಾರಿಗೆ ಹೋದಳು

ಬೈಲಹೊಂಗಲ

ಮುಂಬೈ ಪರದೇಶವಲ್ಲ ಎಂದು ನನಗೂ ಗೊತ್ತು, ಹೇಳಿಕೊಡಲು ಬರಬೇಡಿ. ಆದರೆ ಹುಟ್ಟಿದ್ದು, ಮದುವೆಯಾದದ್ದು, ಹೊಲಿಗೆ ಕ್ಲಾಸು ನಡೆಸಿದ್ದು ಎಲ್ಲವೂ ಬೈಲಹೊಂಗಲದ ಸುತ್ತಮುತ್ತಲೇ ಆದವಳಿಗೆ, ರೈಲು ಮಿರಜ ದಾಟಿದ ಮೇಲೆ ಬರುವುದೆಲ್ಲ ಪರದೇಶವೇ. ಪಾಸ್‌ಪೋರ್ಟ್ ಕೇಳುವುದಿಲ್ಲ, ಅಷ್ಟೇ. ಒಂದು ಕಪ್ ಚಹಾ ಬೇಕಾದರೂ ಬೇರೆ ಭಾಷೆಯಲ್ಲಿ ಕೇಳಬೇಕು.

ನಾನು ಊರು ನೋಡಲು ಹೋದವಳೂ ಅಲ್ಲ. ನನ್ನ ಚಿಗವ್ವ, ಅಂದರೆ ತಾಯಿಯ ತಂಗಿ, ಮದುವೆಯಾದ ಹೊಸತರಲ್ಲೇ ಮುಂಬೈ ಸೇರಿದವಳು. ಗಂಡ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ, ತೀರಿಕೊಂಡು ಬಹಳ ದಿನವಾಯಿತು. ಮಗ ಸೊಸೆ ಸೂರತ್‌ನಲ್ಲಿದ್ದಾರೆ. ಮೊಮ್ಮಗಳು ಶ್ರದ್ಧಾಳ ಜೊತೆ ಚಿಗವ್ವ ಜೋಗೇಶ್ವರಿಯಲ್ಲಿರುತ್ತಾಳೆ. ಅವಳ ಪಿತ್ತಕೋಶದಲ್ಲಿ ಕಲ್ಲುಗಳು ತುಂಬಿವೆ, ತೆಗೆಸದಿದ್ದರೆ ಯಾವತ್ತಾದರೂ ಪಿತ್ತಕೋಶ ಒಳಗೇ ಒಡೆದು ಜೀವಕ್ಕೆ ಬರುತ್ತದೆ ಎಂದು ಡಾಕ್ಟರು ಹೇಳಿಯಾಗಿದೆ. ಎರಡು ಸಲ ಆಪರೇಷನ್‌ಗೆ ದಿನ ಗೊತ್ತಾಯಿತು. ಎರಡು ಸಲವೂ ಚಿಗವ್ವ ಆಸ್ಪತ್ರೆಯ ಬೆಂಚಿನಿಂದ ಎದ್ದು ರಿಕ್ಷಾ ಹತ್ತಿ ಮನೆಗೆ ಬಂದುಬಿಟ್ಟಳು.

ಶ್ರದ್ಧಾ ಅಳುತ್ತ ಫೋನ್ ಮಾಡಿದಳು. "ಅತ್ತೀ, ಆಜಿ ಸುನ್ತೀ ಹೀ ನಹೀ. ಅವಳಿಗೆ ದಯಾ ಮಾ ಹಲ್ದಿ ಬೇಕಂತೆ. ಊರಿಂದ. ನೀನು ತಗೊಂಡು ಬರ್ತಿ ಕಾ?"

"ಯಾರವಾ ಆಕಿ ದಯಾ ಮಾ? ಟೀವಿಯೊಳಗ ಪ್ರವಚನ ಹೇಳ್ತಾಳಲ್ಲ, ಆಕಿ ಏನ?"

"ಅರೇ ನಹೀ! ದಯಾ ಮಾ! ತುಮ್ಹಾರೇ ಗಾಂವ್ ಕೀ ದೇವಿ!"

ಫೋನಿನ ಹಿಂದಿನಿಂದ ಚಿಗವ್ವನ ದನಿ ಬಂತು. "ದ್ಯಾಮವ್ವನ ಭಂಡಾರ ಅನ್ನು, ತಿಳೀತೈತಿ ಆಕಿಗೆ!"

ಆಗ ನನಗೆ ಅರ್ಥವಾಯಿತು. ನಮ್ಮ ಊರದೇವತೆ ದ್ಯಾಮವ್ವ, ಕೆಂಪು ಮುಖ, ಅಗಲ ಕಣ್ಣಿನ ಕಟ್ಟಿಗೆಯ ದೇವಿ. ಅವಳ ಪಾದದ ಅರಿಶಿನಕ್ಕೆ ನಾವು ಭಂಡಾರ ಎನ್ನುತ್ತೇವೆ. ಮುಂಬೈಯಲ್ಲಿ ಹುಟ್ಟಿದ ಹುಡುಗಿಯ ನಾಲಿಗೆಗೆ ಆ ಒತ್ತಕ್ಷರ ನಿಲ್ಲಲಿಲ್ಲ. ಜೋಡಿ ಹೊಲಿಗೆ ಬಿಚ್ಚಿದ ಹಾಗೆ ಅದನ್ನು ಬಿಚ್ಚಿ ದಯಾ ಮಾಡಿಕೊಂಡಿದ್ದಳು. ಕುರಿ ಕೋಣ ಬೇಡಿ ಊರನ್ನೇ ನಡುಗಿಸುತ್ತಿದ್ದ ದೇವಿ ಆ ಹೆಸರಿನಲ್ಲಿ ಎಷ್ಟು ಮೆತ್ತಗಾಗಿದ್ದಾಳೆ ಎಂದು ನನಗೆ ನಗುವೂ ಬಂತು, ಸಿಟ್ಟೂ ಬಂತು. ಮಾರನೇ ದಿನವೇ ಗುಡಿಗೆ ಹೋಗಿ ಭಂಡಾರ ಕಟ್ಟಿಸಿಕೊಂಡು ಬಂದೆ.

ದಾದರಿನಿಂದ ವಿಲೆ ಪಾರ್ಲೆ

ದಾದರಿನಲ್ಲಿ ಶ್ರದ್ಧಾ ನನ್ನ ಟ್ರಂಕು ಹಿಡಿದಳು, ಭಂಡಾರದ ಕೈಚೀಲವನ್ನು ನಾನು ಹಿಡಿದೆ. ಲೋಕಲ್‌ನ ಹೆಂಗಸರ ಡಬ್ಬಿಯಲ್ಲಿ ಹೆಂಗಸರು ಮೆಂತ್ಯದ ಸೊಪ್ಪು ಸೋಸುತ್ತಿದ್ದರು, ಡಬ್ಬಿಯ ಗೋಡೆಗೆ ಅಂಟಿಸಿದ ದೇವರ ಪಟಕ್ಕೆ ಕೈಮುಗಿಯುತ್ತಿದ್ದರು, ನಿಂತಲ್ಲೇ ನಿದ್ದೆ ಮಾಡುತ್ತಿದ್ದರು. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರ ಕುಲಗೋತ್ರವೆಲ್ಲ ಹತ್ತಿರದ ಬೆಳವಡಿ ಬರುವಷ್ಟರಲ್ಲಿ ಗೊತ್ತಾಗುತ್ತದೆ. ಇಲ್ಲಿ ಒಬ್ಬಳು ನನ್ನ ಹೆಗಲ ಮೇಲೆ ತಲೆಯಿಟ್ಟು ಮಲಗಿದಳೇ ಹೊರತು ಹೆಸರು ಕೇಳಲಿಲ್ಲ.

"ಚೀಲ ಮೇಲೆ ಇಡು ಅತ್ತೀ, ದಬ್ ಜಾಯೇಗಾ," ಎಂದಳು ಶ್ರದ್ಧಾ. ದೇವಿಯ ಭಂಡಾರ ಯಾರ ಕಾಲಿಗೂ ತಾಗಬಾರದು ಎಂದು ನಾನು ಒಪ್ಪಿ ಮೇಲಿನ ಕಂಬಿಯ ಮೇಲೆ ಇಟ್ಟೆ. ವಿಲೆ ಪಾರ್ಲೆಯಲ್ಲಿ ಕಾಲೇಜು ಹುಡುಗಿಯರ ಗುಂಪು ಇಳಿಯಿತು. ನಾನು ಇಳಿಯಲಿಲ್ಲ, ನನ್ನನ್ನು ಇಳಿಸಿದರು. ಬಾಗಿಲ ಹತ್ತಿರ ನಿಂತದ್ದೇ ತಪ್ಪು. ಹಿಂದಿರುಗಿ ನೋಡುವಷ್ಟರಲ್ಲಿ ರೈಲು ಹೊರಟಿತ್ತು, ಅದರೊಳಗೆ ಶ್ರದ್ಧಾಳ ಬಾಯಿ ತೆರೆದ ಮುಖ ಮಾತ್ರ ಕಂಡಿತು.

ಪ್ಲಾಟ್‌ಫಾರ್ಮಿನಲ್ಲಿ ಅಳುಮುಖ ಮಾಡಿ ನಿಂತ ನನ್ನನ್ನು ಒಬ್ಬ ಮರಾಠಿ ಅಜ್ಜಿ ಬೆಂಚಿಗೆ ಕರೆದು ಕೂರಿಸಿಕೊಂಡರು. ಹುಡುಗಿ ಬರುವ ತನಕ ಇರಲಿ ಎಂದು ಊರಿನ ಕಥೆ ತೆಗೆದರು. ನಾನು ಪಾರ್ಲೆ ಬಿಸ್ಕತ್ತಿನಿಂದ ಊರಿಗೆ ಹೆಸರು ಬಂದಿದೆ ಎಂದು ತಿಳಿದಿದ್ದೆ. ಅವರು ತಲೆಯಾಡಿಸಿದರು. ವಿರ್ಲೇಶ್ವರ, ಪಾರ್ಲೇಶ್ವರ ಎಂಬ ಎರಡು ದೇವರ ಹೆಸರು ಕೂಡಿ ಹೀಗಾಯಿತು ಎಂದು ಅವರ ಅಜ್ಜಿ ಹೇಳುತ್ತಿದ್ದರಂತೆ. ಇನ್ನು ಕೆಲವರು ಎರಡು ಹಳ್ಳಿಯ ಹೆಸರು ಅನ್ನುತ್ತಾರಂತೆ. "ಶಂಕರ ಗೇಲಾ, ಸ್ಟೇಷನ್ ರಾಹಿಲಾ," ಎಂದು ಅವರು ನಕ್ಕರು. ದೇವರು ಹೋಗಿ ಸ್ಟೇಷನ್ ಉಳಿಯಿತು ಎಂಬುದು ನನ್ನಂಥವಳಿಗೂ ತಿಳಿಯಿತು, ಆದರೆ ನಗು ಬರಲಿಲ್ಲ.

ಶ್ರದ್ಧಾ ಅಂಧೇರಿಯಲ್ಲಿ ಇಳಿದು ವಾಪಸು ರೈಲು ಹಿಡಿದು ಬಂದಳು. ಕೈಯಲ್ಲಿ ಟ್ರಂಕು ಇತ್ತು.

"ಚೀಲ ಎಲ್ಲೈತಿ?" ಎಂದೆ.

ಅವಳು ಕೈಯನ್ನು ಬಾಯಿಗೆ ಒಯ್ದಳು. "ಸಾರೀ ಅತ್ತೀ. ನಾನು ಟೆನ್ಷನ್ ಮೇ... ವೋ ತೋ ವಿರಾರ್ ಗಾಡಿ."

ಹೀಗೆ ನಮ್ಮ ದ್ಯಾಮವ್ವ ಒಬ್ಬಳೇ ಆ ರೈಲಿನ ಕೊನೆಯ ಸ್ಟೇಷನ್ನಾದ ವಿರಾರಿಗೆ ಹೋದಳು. ಸ್ಟೇಷನ್ನಿನಲ್ಲಿ ಹೇಳಿದೆವು, ಪೋಲೀಸರಿಗೆ ಹೇಳಿದೆವು. ಚೀಲದಲ್ಲಿ ಬೆಲೆಬಾಳುವುದು ಏನಿತ್ತು ಎಂದು ಅವರು ಕೇಳಿದಾಗ ಶ್ರದ್ಧಾ "ಹಲ್ದಿ" ಎಂದಳು. ಬರೆದುಕೊಳ್ಳುತ್ತಿದ್ದವನು ಪೆನ್ನು ಮುಚ್ಚಿ ನಮ್ಮಿಬ್ಬರನ್ನೂ ನೋಡಿದ.

ಜೋಗೇಶ್ವರಿ

ಚಿಗವ್ವ ಅರ್ಧಕ್ಕರ್ಧ ಆಗಿದ್ದಳು. ಮೊದಲಿನ ಸಾಲುಮನೆಗಳ ಚಾಳು ಹೋಗಿ ಈಗ ಅದೇ ಜಾಗದಲ್ಲಿ ಬಿಲ್ಡಿಂಗ್ ಎದ್ದಿದೆ, ಅವಳದು ನಾಲ್ಕನೇ ಮಾಳಿಗೆ. ಕೆಳಗೆ ತಗಡು ಕತ್ತರಿಸುವ ಕಾರ್ಖಾನೆಯೊಂದಿದೆ, ಅದರ ಕಿರಿಕಿರಿ ಸದ್ದು ಮಾತಿನ ನಡುವೆ ನುಗ್ಗುತ್ತದೆ. ಪಕ್ಕದ ಮನೆಯವರು ಬಂದು, "ದಯಾಬಾಯಿ, ಪಾವ್ಣೀ ಆಲೀ ಕಾ?" ಎಂದು ನನ್ನನ್ನು ನೋಡಿಹೋದರು. ದಯಾಬಾಯಿ ಎಂದರೆ ಚಿಗವ್ವನೇ. ಹಾಲಿನವನಿಗೂ ಲಿಫ್ಟಿನವನಿಗೂ ಅವಳು ದಯಾಬಾಯಿ.

"ಭಂಡಾರ ತಂದಿಯೇನ, ಕಸ್ತೂರಿ?"

"ತಂದೇನಿ," ಎಂದೆ. ತಂದದ್ದು ಸುಳ್ಳಲ್ಲ, ಈಗ ಇಲ್ಲ ಎನ್ನುವುದನ್ನಷ್ಟೇ ನುಂಗಿದೆ.

"ನಾಡಿದ್ದ ಕರದಾರ ದವಾಖಾನಿಗೆ. ನಾಳೆ ಹಚ್ಚಿಕೋತೀನಿ," ಎಂದು ಅವಳು ಕಣ್ಣು ಮುಚ್ಚಿದಳು. ಬಲಪಕ್ಕೆಯ ಮೇಲೆ ಒತ್ತಿಟ್ಟ ಕೈ ಮಾತ್ರ ಸಡಿಲಾಗಲಿಲ್ಲ.

ನನಗೆ ಕುಳಿತಲ್ಲಿ ಕುಳಿತಿರಲು ಆಗಲಿಲ್ಲ. ಅಡಿಗೆಮನೆಗೆ ಹೋದೆ, ಬಾಲ್ಕನಿಗೆ ಬಂದೆ, ಮತ್ತೆ ಅಡಿಗೆಮನೆಗೆ ಹೋದೆ. ಊರಿಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಮೂರನೇ ಸಲವೂ ಇವಳು ಬೆಂಚಿನಿಂದ ಎದ್ದು ಬಂದರೆ ನಾಲ್ಕನೆಯ ಸಲ ಇರುತ್ತದೆಂದು ಏನು ಗ್ಯಾರಂಟಿ? ಶ್ರದ್ಧಾ ನನ್ನನ್ನು ಬಾಲ್ಕನಿಗೆ ಎಳೆದು ಪಿಸುಗುಟ್ಟಿದಳು.

"ಅತ್ತೀ, ಬೈಕುಲ್ಲಾದಲ್ಲಿ ದಯಾ ಮಾ ಇದಾಳೆ. ಆಜಿ ಪ್ರತಿ ವರ್ಷ ನನ್ನ ಕೈಲಿ ಖಣ, ಬಳೆ, ಕಾಯಿ ಕಳಸ್ತಾಳೆ. ಹಲ್ದಿ ಅಲ್ಲಿಂದ ತರೋಣ ಕಾ?"

ನನಗೆ ಹೋದ ಜೀವ ಬಂದಂತಾಯಿತು. ಗಿರಣಿಯ ಕಾಲದಲ್ಲಿ ನಮ್ಮ ಕಡೆಯವರು ಬೈಕುಲ್ಲಾದಲ್ಲಿ ದ್ಯಾಮವ್ವನ ಗುಡಿ ಕಟ್ಟಿದ್ದರೆಂದು ಚಿಗವ್ವನ ಬಾಯಲ್ಲೇ ಕೇಳಿದ್ದೆ. ಈಗ ಮೊಣಕಾಲು ನೋವಿನಿಂದ ಅವಳಿಗೆ ಹೋಗಲಾಗುವುದಿಲ್ಲ, ಮೊಮ್ಮಗಳು ಉಡಿ ತುಂಬಿ ಬರುತ್ತಾಳೆ.

ಬೈಕುಲ್ಲಾ

ಮುಂಬೈ ರೈಲಿನಲ್ಲಿ ಊರಿನ ಹೆಸರನ್ನು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಮೂರು ಸಲ ಕೂಗುತ್ತಾರೆ, ಮೂರು ಸಲವೂ ಅದು ಬೇರೆ ಊರೆನಿಸುತ್ತದೆ. ಭಾಯಖಳಾ, ಭಾಯಖಲಾ, ಬೈಕುಲ್ಲಾ. ಮಾರನೇ ದಿನ, ಮೂರರಲ್ಲಿ ಎಲ್ಲಿ ಇಳಿಯಬೇಕೆಂದು ನಾನು ಕೇಳಿದ್ದಕ್ಕೆ ಡಬ್ಬಿಯವರೆಲ್ಲ ನಕ್ಕರು.

ಬೆಳ್ಳುಳ್ಳಿಯ ಮೂಟೆಗಳ ನಡುವೆ, ಕೈಗಾಡಿಗಳನ್ನು ತಪ್ಪಿಸಿಕೊಂಡು ಶ್ರದ್ಧಾ ಮುಂದೆ ಮುಂದೆ ನಡೆದಳು. ಒಂದು ಗೇಟು ತೆಗೆದು, "ಇಲ್ಲೇ," ಎಂದು ಚಪ್ಪಲಿ ಬಿಟ್ಟಳು. ನಾನು ತಲೆಯ ಮೇಲೆ ಸೆರಗು ಹೊದ್ದು ಒಳಗೆ ಬಂದು ಕಣ್ಣೆತ್ತಿ ನೋಡಿದೆ. ಕಲ್ಲಿನ ಗವಿಯ ಹಾಗೆ ಕಟ್ಟಿದ ಗೂಡಿನಲ್ಲಿ ನೀಲಿ ಸೆರಗಿನ ತಾಯಿ ನಿಂತಿದ್ದಳು. ಕಾಲಬುಡದಲ್ಲಿ ಮೇಣದಬತ್ತಿ, ಮೇಲೆ ಹಿಂದಿಯಲ್ಲಿ 'ದಯಾ ಮಾತಾ' ಎಂಬ ಫಲಕ, ಹಿಂದೆ ಇಗರ್ಜಿ.

"ಶ್ರದ್ಧಾ, ಇದು ಮೇರಿ!"

"ಹಾಂ, ಮೇರಿ. ದಯಾ ಮಾ. ಮ್ಯಾಪಲ್ಲಿ ಹಾಕಿದ್ರೆ ಇದೇ ತೋರಿಸ್ತು."

"ನೀ ಆ ಖಣ, ಬಳಿ, ಎಲ್ಲಾ ಇಲ್ಲೆ ಇಟ್ಟು ಬಂದಿ?"

"ಆಜಿ ಬೋಲೀ ದಯಾ ಮಾ. ಮೈನೇ ದಯಾ ಮಾ ಕೋ ದಿಯಾ," ಎಂದು ಅವಳು ಅಳುವ ಹಾಗಾದಳು.

ನನಗೆ ನಗು ತಡೆಯಲಿಲ್ಲ. ಇಗರ್ಜಿಯ ಅಂಗಳದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ, ಆಮೇಲೆ ಚಿಗವ್ವ ನೆನಪಾದಳು. ಚಿಗವ್ವನಿಗೆ ಇದು ಗೊತ್ತಾದರೆ ಆಪರೇಷನ್ ಇರಲಿ, ಮೊಮ್ಮಗಳ ಮುಖವನ್ನಾದರೂ ನೋಡುತ್ತಾಳೋ ಇಲ್ಲವೋ. ದ್ಯಾಮವ್ವನ ಉಡಿ ಇಷ್ಟು ವರ್ಷ ಖಾಲಿ.

ಹೂವು ಜೋಡಿಸುತ್ತಿದ್ದ ಹೆಂಗಸೊಬ್ಬರು ಹತ್ತಿರ ಬಂದರು. ಕಾರ್ಕಳ ಕಡೆಯ ಲಿಲ್ಲಿಬಾಯಿ, ಈ ಓಣಿಯಲ್ಲೇ ಮನೆ. "ಓ, ಈ ಹುಡುಗಿಯಾ? ಯಾರದ್ದೋ ಹರಕೆ ತೀರಿಸ್ಲಿಕ್ಕೆ ಬರ್ತಾಳೆ ಅಂತ ನಾನು ಎಣಿಸಿದ್ದು. ನೀವು ಕನ್ನಡದವರಾ? ಎಂತ ಆಯ್ತು ಮಾರಾಯ್ರೆ, ಯಾಕೆ ಅಳ್ತಾಳೆ?"

ನಾನು ಹೇಳಿದೆ. ಅವರಿಗೂ ನಗು ಬಂತು, ಬಾಯಿಗೆ ಸೆರಗು ಒತ್ತಿಕೊಂಡರು. "ನೀವು ಬೇಜಾರು ಮಾಡ್ಬೇಡಿ. ನಮ್ಮ ತಾಯಿಯ ಹೆಸರೂ ಹಾಗೆಯೇ ಅಲ್ವಾ? ನಮ್ಮಲ್ಲಿ ಮೊಂತಿ ಸಾಯ್ಬಿಣ್ ಅಂತೇವೆ. ಮೊಂತಿ ಅಂದ್ರೆ ಗುಡ್ಡ ಅಂತೆ, ಪೋರ್ಚುಗೀಸರದ್ದು. ಇಲ್ಲಿ ಬಾಂದ್ರಾದ ಗುಡ್ಡದ ಮೇಲಿರುವವಳಿಗೆ ಮೀನಿನ ಹೆಂಗಸರು ಮೌಂಟ್ ಅನ್ಲಿಕ್ಕೆ ಬಾರದೆ ಮೋತ ಮಾವ್ಲಿ ಅಂತಾರೆ. ಅವಳಿಗೆ ಎಲ್ಲಾ ಅಭ್ಯಾಸ ಆಗಿದೆ."

"ಆ ಬಳೆ, ಖಣ ಎಲ್ಲ ಏನಾದವು?"

"ಬಡವರ ಮದುವೆ ಇದ್ರೆ ಕೊಡ್ತೇವೆ. ಹಸಿರು ಬಳೆಗೆ ಭಾರೀ ಡಿಮ್ಯಾಂಡ್ ಉಂಟು," ಎಂದು ಅವರು ಆಚೆ ಓಣಿಯತ್ತ ಕೈ ತೋರಿಸಿದರು. "ನಿಮ್ಮ ಕಡೆಯವರದ್ದು ಒಂದು ಗುಡಿ ಅಲ್ಲಿ ಉಂಟು, ನೋಡಿ."

ಆ ಓಣಿಗೆ ಹೋದರೆ ಗುಡಿ ಇತ್ತು. ಬೋರ್ಡಿನಲ್ಲಿ 'ಶ್ರೀ ದುರ್ಗಾಮಾತಾ ಮಂದಿರ' ಎಂದಿತ್ತು. ಒಳಗೆ ಇದ್ದವಳು ಮಾತ್ರ ನಮ್ಮವಳೇ. ಕೆಂಪು ಮುಖ, ಅಗಲ ಕಣ್ಣು, ಆ ಸಿಟ್ಟು. ಪೂಜೆಯವನು ಉತ್ತರದ ಕಡೆಯ ಹುಡುಗ. ದ್ಯಾಮವ್ವ ಎಂದರೆ ಅವನಿಗೆ ಗೊತ್ತಾಗಲಿಲ್ಲ. "ಮಾತಾ ತೋ ಏಕ್ ಹೀ ಹೈ, ಆಂಟೀ," ಎಂದ. ಹೆಸರು ಒರೆಸಿದವರೆಲ್ಲ ಹೀಗೆಯೇ ಹೇಳುತ್ತಾರೆ ಎಂದು ನಾನು ಅವನ ಮೇಲೆ ರೇಗಿದೆ.

ಗುಡಿಯ ಎದುರಿನ ಬೆಳ್ಳುಳ್ಳಿ ಅಂಗಡಿಯಲ್ಲಿ ವಿಜಯಪುರ ಕಡೆಯ ವ್ಯಾಪಾರಿಯೊಬ್ಬ ಕುಳಿತಿದ್ದ. ನನ್ನ ಜಗಳ ಕೇಳಿ ಎದ್ದು ಬಂದ. "ಸಿಟ್ಟಾಗಬ್ಯಾಡ್ರಿ ಅಕ್ಕಾರ. ಹೊಸಾ ಮಂದಿಗೆ ದ್ಯಾಮವ್ವ ಅಂದ್ರ ತಿಳೀವಲ್ದು ಅಂತ ಕಮಿಟಿಯವರು ಬೋರ್ಡ್ ಬದಲಿ ಮಾಡ್ಯಾರ. ದುರ್ಗವ್ವ ಆಕಿ ತಂಗಿ ಹೌದಲ್ರಿ? ಅಕ್ಕನ ಮನಿಗೆ ತಂಗಿ ಹೆಸರ ಹಚ್ಚ್ಯಾರ, ಅಷ್ಟ."

"ಅಕ್ಕಗ ಕೇಳ್ಯಾರೇನ್ರಿ?" ಎಂದೆ.

"ಆಕಿ ಈಗ ಹಿಂದಿ ಕಲ್ತಾಳ್ರಿ," ಎಂದು ಅವನು ನಕ್ಕ. ಅವನೇ ಹೇಳಿ ದೇವಿಯ ಪಾದದ ಅರಿಶಿನವನ್ನು ನನಗೊಂದು ಕಾಗದದಲ್ಲಿ ಕಟ್ಟಿಸಿಕೊಟ್ಟ. ಹಿಂದಿರುಗುವ ರೈಲಿನಲ್ಲಿ ಆ ಪೊಟ್ಟಣವನ್ನು ಕುಪ್ಪಸದೊಳಗೆ ಇಟ್ಟುಕೊಂಡೆ. ಇದನ್ನೇ ಊರಿನ ಭಂಡಾರ ಎಂದು ಹೇಳಿಬಿಡಲೇ? ಅಂಧೇರಿಯ ತನಕ ಹೇಳಬೇಕು ಎಂದುಕೊಂಡೆ, ಅಲ್ಲಿಂದ ಜೋಗೇಶ್ವರಿಯ ತನಕ ಬೇಡ ಎಂದುಕೊಂಡೆ.

ಮತ್ತೆ ಜೋಗೇಶ್ವರಿ

ನಾನು ಏನೂ ತೀರ್ಮಾನಿಸುವ ಮೊದಲೇ ಶ್ರದ್ಧಾ ಚಿಗವ್ವನ ಕಾಲ ಹತ್ತಿರ ಕುಳಿತು ಎಲ್ಲವನ್ನೂ ಒದರಿಬಿಟ್ಟಳು. ವಿರಾರು, ಮೇರಿ, ಬೋರ್ಡು, ಒಂದೂ ಬಿಡಲಿಲ್ಲ. ನಾನು ಗೋಡೆಗೆ ಒರಗಿ ನಿಂತೆ.

ಚಿಗವ್ವ ಮೊಮ್ಮಗಳ ಕಡೆ ತಿರುಗಿದಳು. "ಬಳಿ ಯಾರ ಕೈಗೆ ಹೋದ್ವು?"

"ಶಾದೀ ವಾಲೀ ಲಡಕೀ. ಗರೀಬ್," ಎಂದಳು ಶ್ರದ್ಧಾ.

"ಹಾಂಗಾರ ಮುಟ್ಟಿದ್ವು, ಬಿಡು," ಎಂದು ಚಿಗವ್ವ ಕೈ ಚಾಚಿದಳು. ನಾನು ಪೊಟ್ಟಣ ಕೊಟ್ಟೆ. ಹಣೆಗೆ ಹಚ್ಚಿಕೊಂಡಳು, ಮೊಮ್ಮಗಳ ಹಣೆಗೂ ಹಚ್ಚಿದಳು. ನಾನು ಗೋಡೆ ಬಿಟ್ಟು ಅವಳ ಪಕ್ಕ ಕುಳಿತೆ.

"ಅಂದ್ರ ನಾಳೆ ಹೋಗೂದು ಖರೇನಲ್ಲ, ಚಿಗವ್ವಾ?"

ಅವಳು ಪೊಟ್ಟಣವನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟಳು. ಕೆಳಗೆ ತಗಡು ಕತ್ತರಿಸುವ ಸದ್ದು ನಿಂತಿತ್ತು, ಕಾರ್ಖಾನೆಯವರು ಮನೆಗೆ ಹೊರಟಿದ್ದರು.

"ಬರೇ ಭಂಡಾರದ್ದ ಮಾತಾಗಿದ್ರ ಹೋಗ್ತಿದ್ನಿ," ಎಂದಳು ಕೊನೆಗೆ. "ನಿಮ್ಮವ್ವ ಹುಟ್ಟಿದ ಮ್ಯಾಲ ನಮ್ಮವ್ವ ಎರಡ ಕೂಸು ಮಣ್ಣಾಗ ಇಟ್ಟಿದ್ಲು. ನಾ ಹುಟ್ಟಿದಾಗ ದ್ಯಾಮವ್ವನ ಮುಂದ ಹಾಕಿ, ನಿನ್ನ ಹೆಸರಿನ ಕೂಸು, ನೀನ ಕಾಯಿ ಅಂದ್ಲಂತ. ದ್ಯಾಮವ್ವ ಅಂತ ಹೆಸರಿಟ್ಲು. ಆ ಹೆಸರ ನನ್ನ ಉಳಿಸಿತು. ಈ ಊರಿಗೆ ಬಂದ್ನಿ. ಚಾಳಿನವರ ನಾಲಿಗಿಗೆ ಹೊಂದಲಿಲ್ಲ, ದಯಾಬಾಯಿ ಅಂದ್ರು. ರೇಷನ್ನಿಗೆ ದಯಾಬಾಯಿ, ದವಾಖಾನಿಗೆ ದಯಾಬಾಯಿ."

"ಹೆಸರಿನ್ಯಾಗ ಏನೈತಿ, ಚಿಗವ್ವಾ?"

"ನಿನಗ ಏನ ತಿಳೀತೈತಿ? ನಿನ್ನ ಕಸ್ತೂರಿ ಅಂತ ಬೈಲಹೊಂಗಲ ಮಂದಿಯೆಲ್ಲಾ ಕರೀತಾರ." ಅವಳ ದನಿ ಏರಿತು. "ನಮ್ಮವ್ವ ಸತ್ತ ಮ್ಯಾಲ ನನ್ನ ಹೆಸರ ಯಾರ ಬಾಯಾಗ ಬಂದೈತಿ ಹೇಳು. ನಿಮ್ಮ ಕಾಕಾ ಇರೂತನಕ 'ಏ' ಅಂದ್ರು. ಮಗ ಯವ್ವಾ ಅಂದ. ನೀ ಚಿಗವ್ವ ಅಂತಿ, ಇಕಿ ಆಜಿ ಅಂತಾಳ. ಅಲ್ಲೆ ದವಾಖಾನ್ಯಾಗ ಬೇಹೋಶ್ ಮಾಡೂ ಮುಂದ ಹೆಸರ ಕೂಗ್ತಾರ. ದಯಾಬಾಯಿ ಅಂದ ಕೂಡಲೇ ನನ್ನ ಕಾಲ ಏಳವಲ್ವು. ದ್ಯಾಮವ್ವ ಕಾಯೂದು ದ್ಯಾಮವ್ವನ್ನ. ದಯಾಬಾಯಿನ ಯಾರ ಕಾಯಬೇಕು?"

ಅವಳ ಹೆಸರು ನನಗೂ ಗೊತ್ತಿತ್ತು, ಇದುವರೆಗೆ ಒಮ್ಮೆಯೂ ಅದನ್ನು ನಾಲಿಗೆಯ ಮೇಲೆ ತಂದಿರಲಿಲ್ಲ. ತರಲೂಬಾರದು. ಹಿರಿಯರನ್ನು ಹೆಸರು ಹಿಡಿದು ಕರೆದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ತಾಯಿ ಬಾಯಿಗೆ ಹೊಡೆದು ಕಲಿಸಿದ್ದಳು. ಆ ಹೆಸರು ಗೊತ್ತಿದ್ದವರು ಮರ್ಯಾದೆಗೆ ಹೇಳುವುದಿಲ್ಲ, ಹೇಳಬಹುದಾದವರಿಗೆ ಅದು ಗೊತ್ತಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ಒಬ್ಬ ಮುದುಕಿಯ ಹೆಸರು ಹೀಗೆ ಕರೆಯುವವರಿಲ್ಲದೆ ಬಿದ್ದಿತ್ತು.

ಶ್ರದ್ಧಾ ಅಜ್ಜಿಯ ಕೈ ಹಿಡಿದಳು. "ನಾನು ಬೋಲೂಂ? ದಯಾ... ದಯಾಮ್ಮವ್ವಾ."

"ಅದು ನಾ ಅಲ್ಲ, ಮಗಾ," ಎಂದು ಚಿಗವ್ವ ಅವಳ ತಲೆ ಸವರಿದಳು.

ಆಸ್ಪತ್ರೆ

ಬೆಳಿಗ್ಗೆ ಚಿಗವ್ವ ತಾನಾಗಿಯೇ ರಿಕ್ಷಾ ಹತ್ತಿದಳು. ಹಿಂದಿನ ಎರಡು ಸಲವೂ ಹೀಗೆಯೇ ಬಂದಿದ್ದಳು ಎಂದು ಶ್ರದ್ಧಾ ಮೊದಲೇ ಹೇಳಿದ್ದರಿಂದ ನಾನು ಹಿಗ್ಗಲಿಲ್ಲ. ಹಸಿರು ನಿಲುವಂಗಿ ತೊಡಿಸಿ, ಬಳೆ ತೆಗೆಸಿ, ಒಳಬಾಗಿಲ ಎದುರಿನ ಬೆಂಚಿನಲ್ಲಿ ಕೂರಿಸಿದರು. ಹಣೆಯ ಅರಿಶಿನವನ್ನೂ ಒರೆಸಿದರು. ಗುಂಗುರು ಕೂದಲಿನ ನರ್ಸಿಗೆ ಶ್ರದ್ಧಾ ವಿಷಯ ವಿವರಿಸಿ, ಈ ಹೆಸರು ಕೂಗಿ ಎಂದು ಇಂಗ್ಲಿಷಿನಲ್ಲಿ ಬರೆದು ತೋರಿಸಿದಳು. ಪಾಪ, ಆ ಹುಡುಗಿ ಪ್ರಯತ್ನ ಮಾಡಿದಳು. "ಡ್ಯಾಮೆವಾ? ಡಾಯಮಾವಾ?" ಎಂದು ಎರಡು ಸಲ ನೋಡಿ, ಕಾಗದದಲ್ಲಿರುವ ಹೆಸರನ್ನೇ ಕರೆಯಬೇಕು, ಬದಲಿಸಿದರೆ ತನ್ನ ತಲೆಗೆ ಬರುತ್ತದೆ ಎಂದು ಒಳಗೆ ಹೋದಳು.

ನಾನು ಬೆಂಚಿನ ಮುಂದೆ ಅತ್ತಿಂದಿತ್ತ ನಡೆಯುತ್ತಿದ್ದೆ. ಕರೆದರೆ ಆಯುಷ್ಯ ಕಡಿಮೆ, ಕರೆಯದಿದ್ದರೆ ಆ ಪಿತ್ತಕೋಶ ಒಡೆಯುತ್ತದೆ. ದೇವರ ಮೇಲೆ ಸಿಟ್ಟು ಬಂತು, ತಾಯಿಯ ಮೇಲೆ ಸಿಟ್ಟು ಬಂತು, ಚಾಳಿನ ಮಂದಿಯ ಮೇಲೂ ಬಂತು.

ಬಾಗಿಲು ತೆರೆಯಿತು. "ದಯಾಬಾಯಿ! ದಯಾಬಾಯಿ ಕೌನ್ ಹೈ?"

ಚಿಗವ್ವ ಬೆಂಚಿನ ಅಂಚನ್ನು ಹಿಡಿದುಕೊಂಡಳು. ಬರಿಗೈಯ ನರಗಳು ಎದ್ದು ನಿಂತವು. ಶ್ರದ್ಧಾ, "ಆಜಿ, ಚಲ್ ನಾ, ಪ್ಲೀಸ್," ಎಂದು ಭುಜ ಅಲ್ಲಾಡಿಸಿದಳು. ಚಿಗವ್ವನ ಕಣ್ಣು ಮೆಟ್ಟಿಲ ಕಡೆ ತಿರುಗಿತು.

"ದಯಾಬಾಯಿ!"

ನಾನು ಬಾಗಿಲ ಹತ್ತಿರ ಹೋದೆ. ನರ್ಸನ್ನು ಪಕ್ಕಕ್ಕೆ ಸರಿಸಿ ಹೊಸ್ತಿಲಲ್ಲಿ ನಿಂತೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಂಜೆ ಅಂಗಳದಲ್ಲಿ ಆಡುತ್ತ ಉಳಿದ ಹುಡುಗಿಯನ್ನು ಒಳಗೆ ಕರೆಯುವ ದನಿ ತೆಗೆದೆ.

"ದ್ಯಾಮವ್ವಾ! ಏ ದ್ಯಾಮವ್ವಾ! ಎಷ್ಟ ಹೊತ್ತ ಕುಂಡ್ರತೀ, ಒಳಗ ಬಾ!"

ವರಾಂಡದ ಮಂದಿಯೆಲ್ಲ ತಿರುಗಿ ನೋಡಿದರು. ಚಿಗವ್ವ ತಲೆಯೆತ್ತಿದಳು. ಅವಳ ಕೈ ಬೆಂಚನ್ನು ಬಿಟ್ಟಿತು.

"ಓ," ಎಂದಳು. "ಬಂದ್ನಿ, ಯವ್ವಾ."